ಇನ್ನೂರ ಮೂವತ್ತು

ಪರದೆಯ ಮೇಲೆ ಲಾಲ್‌ಸಾಬನ ಮುಖವಿರಬೇಕಾದ ಜಾಗದಲ್ಲಿ ಹಸಿರು ಚೌಕಗಳಿದ್ದವು. ಅಮರೇಶ್ವರಿ ಮುಂದಿನ ತುಣುಕು ತೆರೆದಳು. ಅಲ್ಲೂ ಅದೇ. ಅದರಾಚೆಯದು ತೆರೆಯಲೇ ಇಲ್ಲ.

ಹಿಂದೆ ಸ್ಟೂಲಿನ ಮೇಲೆ ನಾಹಿದಾ ಕೂತಿದ್ದಳು. ಮಸ್ಕಿಯಿಂದ ಬೆಳಗಿನ ಬಸ್ಸಿಗೆ ಬಂದವಳು, ಮುಷ್ಟಿಯಲ್ಲಿ ಪೆನ್‌ಡ್ರೈವ್.

"ಆತೇನ್ರಿ ಅಕ್ಕಾ?"

"ಸ್ವಲ್ಪ ತಡೀರಿ," ಎಂದಳು ಅಮರೇಶ್ವರಿ, ತಿರುಗಿ ನೋಡದೆ.

ನಾಹಿದಾಳ ಮದುವೆಯಾದ ಹದಿನೆಂಟನೇ ದಿನ ಅವಳ ತಂದೆ ಲಾಲ್‌ಸಾಬ್ ತೀರಿಕೊಂಡಿದ್ದ. ಫೋಟೊ ಅಂದರೆ ಎದ್ದು ಹೋಗುವ ಮನುಷ್ಯ, ಮಗಳ ಮದುವೆಯಲ್ಲಿ ಮಾತ್ರ ಕ್ಯಾಮೆರಾದ ಮುಂದೆ ನಿಂತಿದ್ದ. ತಾಯಿ ಜೈನಾಬೀ ಇದ್ದತ್‌ನಲ್ಲಿ, ಗಂಡ ತೀರಿದ ಮೇಲಿನ ಶೋಕದ ತಿಂಗಳುಗಳಲ್ಲಿ, ಹೊಸ್ತಿಲು ದಾಟುವಂತಿರಲಿಲ್ಲ. ಅದಕ್ಕೇ ಮದುವೆಯ ವಿಡಿಯೊ ತರಲು ಮಗಳನ್ನು ಕಳಿಸಿದ್ದಳು. ಸಿಂಧನೂರಿನ ಈ ಸ್ಟುಡಿಯೊದಲ್ಲಿ ಕ್ಯಾಮೆರಾದ ಕಾರ್ಡನ್ನು ಅಂದೇ ಕಂಪ್ಯೂಟರಿಗೆ ಇಳಿಸಿ, ಅಳಿಸಿ, ಮರುದಿನದ ಮದುವೆಗೆ ಕೊಂಡೊಯ್ಯುವುದು ರೂಢಿ. ಲಾಲ್‌ಸಾಬ್ ಉಳಿದಿದ್ದು ಈ ಒಂದು ಹಾರ್ಡ್‌ಡಿಸ್ಕಿನಲ್ಲಿ.

ವಿಡಿಯೊ ತಯಾರಾಗಲು ಇನ್ನೂ ಐದು ತಾಸು ಎಂದು ಬೆಳಿಗ್ಗೆ ಕಂಪ್ಯೂಟರ್ ತೋರಿಸಿತ್ತು. ಅಷ್ಟು ಕಾಯಿಸಬಾರದೆಂದು ಅಮರೇಶ್ವರಿ ಸೆಟ್ಟಿಂಗಿಗೆ ಕೈಹಾಕಿದ್ದಳು. ಕಂಪ್ಯೂಟರಿನ ಒಳಭಾಗಗಳನ್ನು ಜೋಡಿಸುವ ದಾರಿಗೆ ಬಸ್ ಎಂದು ಹೆಸರು; ಅದರ ಸ್ಪೀಡನ್ನು ಒಂದು ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ: ಇನ್ನೂರು, ಹದಿನಾಲ್ಕು ಪಟ್ಟು. ಗುಣಕಕ್ಕೆ ಕಂಪನಿಯವರೇ ಬೀಗ ಜಡಿದಿದ್ದರು. ಕದಲುತ್ತಿದ್ದುದು ಆ ಇನ್ನೂರು ಮಾತ್ರ. ಇನ್ನೂರ ಹತ್ತು ಮಾಡಿದಳು, ಏನೂ ಆಗಲಿಲ್ಲ. ಧೈರ್ಯ ಬಂದು ಇನ್ನೂರ ಮೂವತ್ತು ಮಾಡಿದಳು. ಫ್ಯಾನು ಮೊರೆಯಿತು, ತಾಸುಗಳು ಇಳಿದವು. ಅರ್ಧ ತಾಸಿಗೆ ಕಂಪ್ಯೂಟರ್ ಆರಿ, ತಾನೇ ಮತ್ತೆ ಚಾಲೂ ಆಗಿ, ಡಿಸ್ಕ್ ಸರಿಪಡಿಸಲೇ ಎಂದು ಕೇಳಿತು. ಹೂಂ ಎಂದು ಒತ್ತಿದಳು. ಆ ಅತಿವೇಗದಲ್ಲೇ ಸರಿಪಡಿಸಲು ಹೋಗಿ ಅದು ಡಿಸ್ಕಿನಲ್ಲಿ ಇದ್ದುದನ್ನೂ ತಪ್ಪಾಗಿ ಬರೆದಿತ್ತು.

ಈಗ ಮತ್ತೆ ಇನ್ನೂರಕ್ಕೆ ಇಳಿಸಿದ್ದಳು. ಈ ಹಳೆಯ ಬೋರ್ಡಿನಲ್ಲಿ ಬಸ್ಸಿನ ತಾಳ ಪ್ರೊಸೆಸರಿಗೆ ಮಾತ್ರವಲ್ಲ, ಡಿಸ್ಕೂ ಅದಕ್ಕೇ ಓಡಬೇಕು ಎಂಬುದು ಈಗ ತಿಳಿಯುತ್ತಿತ್ತು. ಜವಳಗೇರಾದಲ್ಲಿ ನೆಲ್ಲಿನ ಸಸಿ ಹಚ್ಚಲು ಹೋಗುವ ಅವ್ವ ಹೇಳುತ್ತಿದ್ದಳು: "ಮುಂದಿನಾಕಿ ಹಾಡು ಜೋರು ಮಾಡಿದ್ಲಂದ್ರ ಎಲ್ಲಾರ ಕೈ ಓಡತಾವ. ಕೈ ಸಾಗದಾಕಿ ಸಸಿ ಊರಂಗಿಲ್ಲ, ಸುಮ್ನ ಇಟ್ಟು ಬರತಾಳ. ಸಾಲು ಚಂದ ಕಾಣತೈತಿ. ಮುಂಜಾನಿ ನೋಡಿದ್ರ ನೀರಾಗ ತೇಲತಿರತಾವ."

ಮಾಲಿಕ ಯಮನೂರಪ್ಪ ಲಿಂಗಸುಗೂರಿನ ಮದುವೆಯಲ್ಲಿದ್ದ. ಅವನಿಗೆ ಫೋನ್ ಮಾಡಿ ಪಿಸುದನಿಯಲ್ಲಿ ಹೇಳಿದಳು. ಅವನ ಹಿಂದೆ ಬ್ಯಾಂಡು ಬಾರಿಸುತ್ತಿತ್ತು.

"ಯಾರು ಹೇಳಿದ್ರವ್ವ ನಿನಗ, ಅದನ್ನ ಮುಟ್ಟಂತ?" ಆಮೇಲೆ ದನಿ ತಗ್ಗಿಸಿ, "ಕರೆಂಟ್ ಹೋಗಿ ಡಿಸ್ಕ್ ಸುಟ್ಟೈತಿ ಅಂತ ಹೇಳು. ಬಿ.ಎಸ್ಸಿ. ಮಾಡಿದಾಕಿ, ಅಷ್ಟರ ಹೇಳಾಕ ಬರತೈತಿಲ್ಲ?"

ಅಮರೇಶ್ವರಿ ಕುರ್ಚಿ ತಿರುಗಿಸಿದಳು. ನಾಹಿದಾಳ ಮದುವೆಯ ಮೆಹಂದಿ ಉಗುರಿನ ತುದಿಗೆ ಸರಿದಿತ್ತು. ಅದನ್ನೇ ನೋಡುತ್ತ ಹೇಳಿದಳು.

"ನಾನೇ ಕೆಡಿಸೀನ್ರಿ. ಜಲ್ದಿ ಆಗ್ಲಿ ಅಂತ ಮಷೀನ್ ಓಡಿಸಿದೆ. ನಿಮ್ಮ ಅಬ್ಬಾ... ಸಿಗತಾರೋ ಇಲ್ಲೋ ಗೊತ್ತಿಲ್ರಿ."

"ಒಂದೂ?"

"ನೂರಾ ಹನ್ನೆರಡು ತುಣುಕದಾವ್ರಿ. ಒಂಬತ್ತು ನೋಡೀನಿ."

"ಒಂಬತ್ತೂ ಹೋಗ್ಯಾವ?"

ಅಮರೇಶ್ವರಿ ಹೌದೆಂದು ತಲೆಯಾಡಿಸಿದಳು.

"ಜಲ್ದಿ ಯಾರು ಕೇಳಿದ್ರು ನಿಮ್ಮನ್ನ?" ನಾಹಿದಾಳ ದನಿ ಏರಲಿಲ್ಲ. "ಕಾಯತಿದ್ವಿ. ಕಾಯೋದು ಬಿಟ್ರ ಅಮ್ಮೀಗೆ ಬ್ಯಾರೆ ಏನ್ ಕೆಲಸೈತ್ರಿ ಈಗ?"

ಅವಳ ಫೋನು ರಿಂಗಾಯಿತು. ಆಚೆಯ ದನಿ ಇಲ್ಲಿಗೂ ಸಣ್ಣಗೆ ಕೇಳಿಸಿತು. ನಾಹಿದಾ ಹಸಿರು ಚೌಕಗಳನ್ನೇ ನೋಡುತ್ತಿದ್ದಳು.

"ಹೋರಾ ಅಮ್ಮೀ," ಎಂದಳು. "ಮಷೀನ್ ಜರಾ ಆಹಿಸ್ತಾ ಹೈ. ಹೋರಾ."

ಮಷೀನು ಸ್ವಲ್ಪ ನಿಧಾನ, ಆಗುತ್ತಿದೆ ಎಂದು ತಾಯಿಗೆ ಎರಡೆರಡು ಸಲ ಹೇಳಿ, ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. ಸ್ಟೂಲನ್ನು ಮೇಜಿನ ಹತ್ತಿರ ಎಳೆದುಕೊಂಡಳು.

"ಹತ್ತನೇದು ಹಚ್ಚರಿ."

ಅಮರೇಶ್ವರಿ ಒತ್ತಿದಳು. ಪರದೆಯ ನಡುವೆ ಸಣ್ಣ ಚಕ್ರವೊಂದು ತಿರುಗತೊಡಗಿತು. ನಾಹಿದಾ ಪೆನ್‌ಡ್ರೈವಿನ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದುಕೊಂಡಳು.