ಲಂಗ ನೋಡಿ ಬರೆದ ಜಾತಿ

ಜೂನ್ ತಿಂಗಳು ಬಂತೆಂದರೆ ಶಾಲೆ ಬಾಗಿಲಲ್ಲಿ ನೂಕುನುಗ್ಗಲು. ಅಪ್ಪಂದಿರಿಗೆ ಗದ್ದೆಯ ಅವಸರ, ಮೇಷ್ಟ್ರಿಗೆ ಊಟದ ಅವಸರ. ಮಗುವಿನ ವಯಸ್ಸು, ಜಾತಿ ಎಲ್ಲ ಅಂದಾಜಿನ ಮೇಲೆ. ಅಂದಾಜು ಮಾಡುವುದರಲ್ಲಿ ನನ್ನನ್ನು ಮೀರಿಸುವವನು ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿನಲ್ಲೂ ಇನ್ನೂ ಹುಟ್ಟಿಲ್ಲ. ನಾನು ಯೋಗಾನರಸಿಂಹ, ಬೆಳಕವಾಡಿ ಆಚೆಯ ಒಂದು ಹಳ್ಳಿಯ ಹೆಡ್‌ಮಾಸ್ಟರು. ನಾನು ಮಗ್ಗಿ ಹೇಳಿಸಿದರೆ ಶಿವನಸಮುದ್ರದ ನೀರು ಬೀಳುವುದನ್ನು ನಿಲ್ಲಿಸಿ ಕಿವಿಗೊಡುತ್ತಿತ್ತು! ಒಂದೇ ಬೆಳಿಗ್ಗೆ ಮುನ್ನೂರು ಮಕ್ಕಳನ್ನು ಸೇರಿಸಿಕೊಂಡೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಇದ್ದದ್ದು ಮೂವತ್ತು.

ಅರವತ್ತೇಳನೆಯ ಇಸವಿಯ ಆ ಮೂವತ್ತರಲ್ಲಿ ಮಲ್ಲಿಗಮ್ಮ ಒಬ್ಬಳು. ಅವಳ ಅಪ್ಪ ಮಾದಯ್ಯ ಇರುಳಿಗರೆಂಬ ಗಿರಿಜನರವನು. ಕಾಡಿನಿಂದ ಇಳಿದು ಬಂದು ಶಿವಣ್ಣಗೌಡರ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಿದ್ದ. ಮಗಳಿಗೆ ಗೌಡರ ಮನೆಯವರು ಕೊಟ್ಟ ಹಳೆಯ ಜರಿ ಲಂಗ ಹಾಕಿ ಕರೆತಂದಿದ್ದ. ಜಾತಿ ಯಾವುದೆಂದು ನಾನು ಕೇಳಲೇ ಇಲ್ಲ. ಲಂಗ ನೋಡಿದೆ, ಒಕ್ಕಲಿಗ ಎಂದು ಬರೆದೆ. ಓದು ಬಾರದ ಮಾದಯ್ಯ ಕೈಮುಗಿದು ಹೋದ.

ಏಳು ವರ್ಷದ ಮೇಲೆ ಗ್ರಾಮಸೇವಿಕೆ ಇಂದ್ರಮ್ಮ ದಾಖಲಾತಿ ಪುಸ್ತಕ ತಿರುವಿ ನೋಡಿದಳು. ಹೊಳಲಿನ ರೈತರ ಮನೆಯ ಹೆಣ್ಣುಮಗಳು, ಯಾರಿಗೂ ಅಂಜುವವಳಲ್ಲ. ಮಾದಯ್ಯನನ್ನು ಶಾಲೆಗೇ ಕರೆಸಿದಳು.

“ಮಾದಣ್ಣ, ನಿನ್ ಮಗೀನ ಜಾತಿ ತಪ್ಪಾಗಿ ಬರ್ದವ್ರೆ. ಈಗ್ಲೇ ತಿದ್ದುಸ್ಬುಡು. ಗಿರಿಜನ್ರ ಮಕ್ಳಿಗೆ ಸೀಟು, ಹಾಸ್ಟೆಲ್ಲು ಮೀಸ್ಲು ಮಡಗವ್ರೆ. ಯಾರೋ ಕೊಡೋ ದಾನ ಅಲ್ಲ ಕಣಣ್ಣ, ನಿಮ್ಮ ಹಕ್ಕು.”

“ಬ್ಯಾಡ ಕಣವ್ವ. ಇರುಳಿಗ ಅಂತ ಬರುದ್ರೆ ಸಾಲೇಲಿ ಮೂಲೇಗೆ ಕೂರುಸ್ತಾರೆ. ಕಾಡಲ್ಲಿ ಒಂದ್ ಮರ ಬಿದ್ರೂ ಗಾರ್ಡು ನಮ್ ಬಾಗ್ಲಿಗೇ ಬತ್ತಾನೆ. ಇಂಗೇ ಇರ್ಲಿ ಬುಡು.”

“ನಾಳೀಕೆ ಕಾಲೇಜ್ಗೋಗೋವಾಗ ಏನ್ ಮಾಡೀಯೆ?”

“ಇರುಳಿಗ್ರ ಐಕ್ಳು ಕಾಲೇಜ್ಗೋದಾವಾ? ನಿಂಗೆಲ್ಲೋ ಬಿಸ್ಲು ಒಡ್ದದೆ.”

ಲಂಗ ನೋಡಿ ಬರೆದದ್ದನ್ನು ಹೇಳಿ ನಾನು ಬಿದ್ದು ಬಿದ್ದು ನಕ್ಕೆ. “ಇಂದ್ರಮ್ಮ, ನನ್ನ ಅಕ್ಷರಾನ ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ!”

“ನಗಿ ಮೇಷ್ಟ್ರೇ, ನಗಿ. ನಿಮ್ ಮಕ್ಳ ಜಾತೀನ ಯಾರಾದ್ರೂ ಬಟ್ಟೆ ನೋಡ್ಕಂಡು ಬರ್ದಿದ್ರೆ ಇಂಗೇ ನಗ್ತಿದ್ರಾ?”

ಎಪ್ಪತ್ತೇಳರಲ್ಲಿ ಮಲ್ಲಿಗಮ್ಮ ಎಸ್ಸೆಸ್ಸೆಲ್ಸಿ ಪಾಸಾದಳು. ಜಿಲ್ಲೆಗೇ ಮೊದಲು ಎಂದು ಊರೆಲ್ಲ ಸಾರಿದೆ. ಬಂದದ್ದು ಎರಡನೆಯ ದರ್ಜೆ. ಆದರೆ ಅವರ ಹಟ್ಟಿಯಲ್ಲಿ ಅಷ್ಟು ದೂರ ಓದಿದವರು ಬೇರೆ ಯಾರೂ ಇರಲಿಲ್ಲ. ಅದು ಬಡಾಯಿಯಲ್ಲ.

ಅದೇ ಹೊತ್ತಿಗೆ ಮಂಡ್ಯದ ಒಂದು ಕಾಲೇಜು ಗಿರಿಜನರಿಗೆ ಸನ್ಮಾನ ಇಟ್ಟುಕೊಂಡಿತು. ಹಿರಿಯರೊಬ್ಬರು ಬೇಕು ಎಂದಾಗ ನಾನೇ ಮಾದಯ್ಯನ ಹೆಸರು ಕೊಟ್ಟೆ. ಅಲ್ಲಿನ ಸೀಟು, ಹಾಸ್ಟೆಲಿನ ಅರ್ಜಿಗೂ ಅದೇ ಕಡೆಯ ದಿನ. ಮೂವರೂ ಒಂದೇ ಬಸ್ಸಿನಲ್ಲಿ ಹೋದೆವು. ಅಪ್ಪ ವೇದಿಕೆ ಹತ್ತಿದ, ಮಗಳು ಆಫೀಸಿನ ಕಿಟಕಿಗೆ ಹೋದಳು.

“ಇವರು ಈ ನೆಲದ ಮೊದಲ ಮಕ್ಕಳು. ಇವರ ಹಕ್ಕಿಗೆ ನಮ್ಮ ಕಾಲೇಜು ತಲೆಬಾಗುತ್ತದೆ” ಎಂದರು ಪ್ರಿನ್ಸಿಪಾಲರು ಮೈಕಿನಲ್ಲಿ. ಚಪ್ಪಾಳೆಗೆ ಅಷ್ಟು ದೂರದ ಮದ್ದೂರಿನ ಹೆಂಚುಗಳೂ ಅದುರಿದವು. ಹಾರ ಎಷ್ಟು ದಪ್ಪವೆಂದರೆ ಮಾದಯ್ಯ ಅದರೊಳಗೆ ಕಾಣದೇ ಹೋದ.

ಕಿಟಕಿಯಲ್ಲಿ ಗುಮಾಸ್ತ ಸಂಪತ್ ಕುಮಾರ ಅರ್ಜಿಯನ್ನು ಹಿಂದಕ್ಕೆ ತಳ್ಳಿದ.

“ಏನಮ್ಮ, ಟೀಸೀಲಿ ಒಕ್ಕಲಿಗ ಅಂತಿದೆ. ಗಿರಿಜನರ ಸೀಟು ಕೇಳ್ತೀಯಲ್ಲ?”

“ನಾವು ಇರುಳಿಗ್ರು ಸಾರ್. ಅಗೋ, ಸ್ಟೇಜ್ ಮೇಲೆ ಕೂತಿರೋದು ನಮ್ಮಪ್ಪ.”

“ಸ್ಟೇಜ್ ಮೇಲಿರೋದು ನನ್ನ ಫೈಲಿಗೆ ಬರೋಲ್ಲಮ್ಮ. ಸಂಜೆಯೊಳಗೆ ತಹಸೀಲ್ದಾರರ ಜಾತಿ ಪತ್ರ ತಗೊಂಡು ಬಾ.”

ನಾನು ಮುಂದೆ ನುಗ್ಗಿದೆ. “ತಪ್ಪು ಬರೆದವನು ನಾನೇ ಸ್ವಾಮಿ.”

“ಹತ್ತು ವರ್ಷದಿಂದ ಏನ್ ಮಾಡ್ತಿದ್ರಿ ಮೇಷ್ಟ್ರೇ?”

ನಾನು ವೇದಿಕೆಯತ್ತ ಓಡಿ, ಒಂದು ಸುಳ್ಳೂ ಬೆರೆಸದೆ ಪ್ರಿನ್ಸಿಪಾಲರಿಗೆ ಎಲ್ಲ ಹೇಳಿದೆ. ಪ್ರಿನ್ಸಿಪಾಲರು, “ನಿಯಮ ಹಾಗಿದೆ, ಮುಂದಿನ ವರ್ಷ ನೋಡೋಣ” ಎಂದು ಕಾರು ಹತ್ತಿದರು. ಹಾರ ಹಾಕಿಕೊಂಡೇ ಮಾದಯ್ಯ ಕಿಟಕಿಯ ಬಳಿಗೆ ಬಂದ.

“ಬುದ್ಧಿ, ಆಗ್ಲಿಂದ ನನ್ನ ಇರುಳಿಗ ಇರುಳಿಗ ಅಂತ ಮೈಕಲ್ಲಿ ಕೂಗುದ್ರಲ್ಲಾ. ಅಂಗಾರೆ ನನ್ ಮಗ್ಳು ಯಾರು?”

ಸಂಪತ್ ಕುಮಾರ ಕಿಟಕಿ ಮುಚ್ಚಿದ.

ಜಾತಿ ಪತ್ರ ಕೈಗೆ ಬರಲು ಹನ್ನೊಂದು ತಿಂಗಳು ಹಿಡಿಯಿತು. ನಾನೂ ಇಂದ್ರಮ್ಮನೂ ಅದನ್ನು ತೆಗೆದುಕೊಂಡು ಆಲೆಮನೆಗೆ ಹೋದೆವು. ಮಾದಯ್ಯ ಕೆಮ್ಮುತ್ತಾ ಮೂಲೆಯಲ್ಲಿ ಮಲಗಿದ್ದ. ಒಲೆಯ ಮುಂದೆ ಮಲ್ಲಿಗಮ್ಮ ಇದ್ದಳು.

“ಈ ವರ್ಸ ಸೇರ್ಕಬೌದು ಕಣವ್ವ” ಎಂದಳು ಇಂದ್ರಮ್ಮ.

“ಅಪ್ಪುಂಗೆ ಈ ಹೊಗೇಲಿ ಕೂರಕ್ಕೆ ಆಗಾಕಿಲ್ಲ. ನಾನೋದ್ರೆ ಒಲೆ ಯಾರು ನೋಡಾರು ಅಕ್ಕ?” ಅವಳು ಪತ್ರ ಮುಟ್ಟಲಿಲ್ಲ. ಕೈಯೆಲ್ಲ ಮಸಿ. ಆಮೇಲೆ ನನ್ನ ಕಡೆ ತಿರುಗಿದಳು. “ನಮ್ಮಟ್ಟಿ ಐಕ್ಳು ಇನ್ನೂ ಒಂಬತ್ತು ಜನ ನಿಮ್ ಸಾಲೇಲವ್ರೆ ಮೇಷ್ಟ್ರೇ. ಅವ್ರುದ್ದ ಏನಂತ ಬರ್ದಿದ್ದೀರಿ?”

ಶಾಲೆಗೆ ಹೋಗಿ ದಾಖಲಾತಿ ಪುಸ್ತಕ ತೆಗೆದೆ. ನಾಲ್ಕು ತಪ್ಪು. ಮರುದಿನ ಮಾದಯ್ಯ ಕೋಲೂರಿಕೊಂಡು ಆ ನಾಲ್ವರ ಅಪ್ಪಂದಿರನ್ನೂ ಕರೆತಂದ.

“ಇರುಳಿಗ ಅಂತಲೇ ಬರ್ಸ್ರಲಾ. ಗಾರ್ಡು ಬಂದ್ರೆ ಬರ್ಲಿ. ನಾನ್ ಎದ್ರುಕೊಂಡು ನನ್ ಮಗ್ಳ ಒಲೆಗಾಕ್ದೆ” ಎಂದ.

ಅಣ್ಣಂದಿರೇ, ಅಕ್ಕಂದಿರೇ, ನಾಳೆಯೇ ನಿಮ್ಮ ಮಗುವಿನ ಶಾಲೆಗೆ ಹೋಗಿ. ಜಾತಿ ಏನೆಂದು ಬರೆದಿದ್ದಾರೆ, ಗಟ್ಟಿಯಾಗಿ ಓದಿಸಿ ಕೇಳಿ. ತಪ್ಪಿದ್ದರೆ ಮಗು ಶಾಲೆ ಬಿಡುವ ಮೊದಲೇ ತಿದ್ದಿಸಿ. ನಿಮ್ಮ ಜನದ ಹೆಸರು ಹೇಳಲು ನಾಚಬೇಡಿ. ಮೇಷ್ಟ್ರುಗಳೇ, ಕೇಳಿ ಬರೆಯಿರಿ. ಕಾಲೇಜಿನವರೇ, ಹಾರ ಹಾಕುವ ಮೊದಲು ಕಿಟಕಿ ತೆರೆಯಿರಿ.

ಮಲ್ಲಿಗಮ್ಮನಿಗೆ ಸಿಗಬೇಕಿದ್ದ ಸೀಟು ಇನ್ನೊಬ್ಬರಿಗೂ ಹೋಗಲಿಲ್ಲ. ಆ ವರ್ಷವೆಲ್ಲ ಅದು ಖಾಲಿಯೇ ಇತ್ತು.