ಇಂಟು ಗುರುತು

ಕಿತ್ತಳೆ ಸಿಪ್ಪೆ ಬಿಡಿಸುವ ಸದ್ದು ಇಷ್ಟು ಮೆತ್ತಗಿರುತ್ತದೆಂದು ಗೊತ್ತೇ ಇರಲಿಲ್ಲ, ಒದ್ದೆ ಬಟ್ಟೆಯನ್ನು ಯಾರೋ ನಿಧಾನವಾಗಿ ಹರಿಯುತ್ತಿರುವ ಹಾಗೆ, ಮೇಜಿನ ಆ ಬದಿಗೆ ಕೂತು ಅವಳು ಸುಲಿಯುತ್ತಿದ್ದಾಳೆ, ಎಡಗೈಯಲ್ಲಿ, ಬಲಗೈ ಹಣ್ಣನ್ನು ಹಿಡಿದುಕೊಂಡಿದೆ ಅಷ್ಟೆ, ಹಿಡಿದುಕೊಂಡಿದೆ ಎನ್ನುವುದೂ ಹೆಚ್ಚಾಯಿತು, ಹಣ್ಣು ಅದರ ಮೇಲೆ ಕೂತಿದೆ — ಮೂವತ್ತು ವರ್ಷ ಕುರ್ಚಿಗಳಿಗೆ ಬೆತ್ತ ಹೆಣೆದ ಕೈ, ನಾನು ಕೂತಿರುವ ಈ ಕುರ್ಚಿಯನ್ನೂ ಹೆಣೆದ ಕೈ — ಒಂದೊಂದು ತೊಳೆಯ ಮೇಲಿನ ಬಿಳಿ ನಾರನ್ನೂ ಬಿಡದೆ ತೆಗೆದು ತಟ್ಟೆಯನ್ನು ನನ್ನ ಕಡೆಗೆ ಸರಿಸುತ್ತಾಳೆ, ನಾರು ಹಲ್ಲಿಗೆ ಸಿಕ್ಕುತ್ತದೆಂದು ಎಂದೋ ಒಮ್ಮೆ ಹೇಳಿದ್ದೆ, ಮರೆತಿಲ್ಲ. ನೀವು ಬರೀರಿ ಅಕ್ಕಾ, ನಾನು ಮಾತಾಡ್ಸಲ್ಲ ನಿಮ್ಮನ್ನ, ಎಂದು ಐದು ನಿಮಿಷದಲ್ಲಿ ಮೂರನೇ ಸಲ ಮಾತಾಡಿಸುತ್ತಾಳೆ. ಬರೆಯಬೇಕು. ಮಾನ್ಯರೇ ಎಂದಾಗಿದೆ. ವಿಷಯ ಎಂದು ಬರೆದು ಎರಡು ಚುಕ್ಕಿ ಇಟ್ಟಾಗಿದೆ. ಹಾಳೆಯ ಕೆಳಗೆ, ಬಲಮೂಲೆಯಲ್ಲಿ, ಅವಳು ಸಹಿ ಮಾಡಬೇಕಾದ ಕಡೆ ಪೆನ್ಸಿಲ್ಲಿನಲ್ಲಿ ಸಣ್ಣದೊಂದು ಇಂಟು ಗುರುತನ್ನೂ ಹಾಕಿಬಿಟ್ಟಿದ್ದೇನೆ, ಕಾಗದಕ್ಕಿಂತ ಮೊದಲು ಗುರುತು, ಮೂವತ್ತೊಂದು ವರ್ಷದ ಅಭ್ಯಾಸ, ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ. ವಿಷಯ, ಎರಡು ಚುಕ್ಕಿ, ಮುಂದೆ ಏನೂ ಇಲ್ಲ. ವಿಷಯ ಡ್ರಾಯರಿನಲ್ಲಿದೆ, ನನ್ನ ಮೊಣಕಾಲಿಗಿಂತ ನಾಲ್ಕೇ ಬೆರಳು ಮೇಲೆ, ಕತ್ತರಿ, ದಾರದುಂಡೆಗಳ ಕೆಳಗೆ, ಬ್ಯಾಂಕಿನ ಉದ್ದ ಲಕೋಟೆಯಲ್ಲಿ, ಐದು ತಿಂಗಳಿಂದ.

ಬ್ಯಾಂಕಿಗೆ ಎಂಟು ನೆನಪೋಲೆ ಬರೆದುಕೊಟ್ಟಿದ್ದೇನೆ ಇವಳಿಗೆ, ಇದು ಒಂಬತ್ತನೆಯದು, ಮೊದಲ ದೂರನ್ನೂ ನಾನೇ ಬರೆದದ್ದು — ಕುರ್ಚಿಯ ಬೆತ್ತ ಕಿತ್ತುಹೋಗಿ ಇವಳ ಶೆಡ್ಡಿಗೆ ಒಯ್ದಿದ್ದೆ, ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟೆ, ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಅಬ್ಬಾ, ಅಕ್ಷರ ಮುತ್ತು ಪೋಣಿಸಿದ ಹಾಗಿದೆಯಲ್ಲ ಅಕ್ಕಾ, ನಂಗೊಂದು ಕಾಗದ ಬರ್ಕೊಡ್ತೀರಾ, ಬ್ಯಾಂಕಿಗೆ? ಗೋಡೆಯಲ್ಲಿ ತೂಗುಹಾಕಿದ್ದ ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ತೆಗೆದು ಹರಡಿದಳು, ನನಗೆ ಮೊದಲು ಸಾಲದ ವಿಮೆಯ ಫಾರಂ ಗುರುತು ಸಿಕ್ಕಿತು, ಆಮೇಲೆ ಅವಳು. ಒಂಬತ್ತು ವರ್ಷದ ಹಿಂದೆ, ನಾನು ಕೂರುತ್ತಿದ್ದ ಸಾಲದ ಕೌಂಟರು, ನೀಲಿ ಶಾಯಿ, ನನ್ನದೇ ಅಕ್ಷರ — ಆಗ ಬ್ಯಾಂಕಿನ ಫಾರಮಿನ ಚೌಕಗಳಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಬರೆಯುತ್ತಿದ್ದೆ, ಮುತ್ತಲ್ಲ, ಹರಳು — ಅವಳಿಗೆ ನನ್ನ ಗುರುತು ಸಿಗಲಿಲ್ಲ, ಹೇಗೆ ಸಿಗಬೇಕು, ಆಗ ಸೊಂಟದವರೆಗೆ ಜಡೆ, ಈಗ ಕಾಯಿಲೆ ಕತ್ತರಿಸಿಕೊಂಡು ಹೋದ ಮೇಲೆ ಉಳಿದ ಎರಡಂಗುಲ ಬಿಳಿ ಕೂದಲು, ತಂಗಿ ಹೇಳುತ್ತಾಳೆ, ಹಿಂದಿನಿಂದ ನೋಡಿದ್ರೆ ನೀನು ಅಪ್ಪನೇ. ಆ ಗಳಿಗೆಯಲ್ಲಿ ಹೇಳಿಬಿಡಬಹುದಿತ್ತು. ಅದರ ಬದಲು, ಈ ವಿಮೆ ಮಾಡಿಸಿದವರು ಯಾರು ಎಂದು ಕೇಳಿದೆ, ಏನೂ ತಿಳಿಯದವಳ ಹಾಗೆ, ಕಳ್ಳಿ. ಅಯ್ಯೋ ಆ ಮೇಡಂ ತುಂಬಾ ಒಳ್ಳೆಯವರು ಅಕ್ಕಾ, ನಂಗೆ ಅವತ್ತು ನಿಂತು ನಿಂತು ತಲೆ ಸುತ್ತು ಬಂತು ನೋಡಿ, ತಮ್ಮ ಕುರ್ಚೀನೇ ಬಿಟ್ಕೊಟ್ರು, ನೀರು ತಂದ್ಕೊಟ್ರು, ಅವರ ವಿಷಯ ಮಾತ್ರ ಕಾಗದದಲ್ಲಿ ಎತ್ಬೇಡಿ, ಬ್ಯಾಂಕು ಮಾಡಿದ್ದಕ್ಕೆ ಪಾಪ ಅವರ್ಯಾಕೆ ಬೈಸ್ಕೋಬೇಕು. ಎತ್ತಲಿಲ್ಲ. ಆಮೇಲಿನ ಎಂಟು ಕಾಗದದಲ್ಲೂ ಎತ್ತಲಿಲ್ಲ, ಇವಳು ಕೇಳಿಕೊಂಡಳೆಂದು ಎತ್ತಲಿಲ್ಲ, ನೋಡು ಎಷ್ಟು ಅನುಕೂಲ.

ನೀರು ಕೊಟ್ಟದ್ದು ನಿಜ. ಕುರ್ಚಿ ಬಿಟ್ಟುಕೊಟ್ಟದ್ದೂ ನಿಜ. ಆಮೇಲೆ ಅವಳ ಪಕ್ಕದಲ್ಲಿ ನಿಂತು ಹದಿನಾಲ್ಕು ಪುಟಗಳನ್ನು ಒಂದೊಂದೇ ತಿರುವಿಹಾಕಿದ್ದು ನಾನೇ, ಪಾಪ, ಸುಸ್ತಾಗಿದ್ದಾಳೆ, ಇಷ್ಟು ಸಣ್ಣ ಅಕ್ಷರ ಎಲ್ಲಿ ಓದುತ್ತಾಳೆ ಎಂದು ಪೆನ್ಸಿಲ್ಲಿನಿಂದ ಇಂಟು, ಇಂಟು, ಇಂಟು, ಗುರುತು ಇರುವ ಕಡೆಯೆಲ್ಲ ಸಹಿ ಹಾಕಮ್ಮ ಸಾಕು. ಅವಳು ನಕ್ಕಿದ್ದಳು, ಸ್ಕೂಲಲ್ಲಿ ಟೀಚರ್ ಇಂಟು ಹಾಕಿದ್ರೆ ತಪ್ಪು ಅಂತ ಮೇಡಂ, ಬ್ಯಾಂಕಲ್ಲಿ ಇಂಟು ಹಾಕಿದ್ರೆ ಸಹಿ. ನಾನೂ ನಕ್ಕಿದ್ದೆ. ಓದಬೇಕೇನಮ್ಮ, ಎಂದು ಬಾಯಿಮಾತಿಗೆ ಕೇಳಿಯೂ ಇದ್ದೆ, ನೀವು ಹೇಳಿದ ಮೇಲೆ ಓದೋದೇನಿದೆ ಮೇಡಂ. ಹನ್ನೊಂದನೇ ಪುಟ ವಿಮೆಯದು, ಕೆಲಸ ಹೋದರೆ, ಕಾಯಿಲೆ ಬಿದ್ದರೆ ಸಾಲದ ಕಂತನ್ನು ವಿಮೆಯೇ ಕಟ್ಟುತ್ತದೆ, ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ಸಂಬಳದ ನೌಕರಿಯಲ್ಲಿ ಇರುವವರಿಗೆ ಮಾತ್ರ. ಅವಳು ಶೆಡ್ಡಿನಲ್ಲಿ ತಾನೇ ಯಜಮಾನಿ ತಾನೇ ಕೆಲಸದವಳು. ನನಗೆ ಗೊತ್ತಿತ್ತು — ಗೊತ್ತಿತ್ತೇ? ಆ ಇರುವೆ ಸಾಲನ್ನು ನಾನು ಎಂದೋ ಓದಿದ್ದೆ, ಓದಿ ದಾಟಿದ್ದೆ, ಬೇರೆ ಊರಿನ ಹವಾಮಾನ ಓದಿದ ಹಾಗೆ. ಒಳಗೆ ಮ್ಯಾನೇಜರರ ಬಿಳಿ ಹಲಗೆ, ಪ್ರತಿಯೊಬ್ಬರ ಹೆಸರಿನ ಮುಂದೆ ಬಂಗಾರದ ಬಣ್ಣದ ನಕ್ಷತ್ರ, ಒಂದು ವಿಮೆಗೆ ಒಂದು, ಪೆನ್ಸಿಲ್ ಮೇಡಂ, ನೀವು ಗುರುತು ಹಾಕಿಕೊಟ್ರೆ ಜನ ಕಣ್ಣು ಮುಚ್ಕೊಂಡು ಸಹಿ ಹಾಕ್ತಾರೆ ಕಣ್ರೀ, ನಮಗೆಲ್ಲ ಹೇಳ್ಕೊಡಿ ಆ ವಿದ್ಯೇನ, ಎನ್ನುತ್ತಿದ್ದರು ಜೊತೆಯವರು. ಆ ಮೂರು ತಿಂಗಳಿಗೆ ಮೊದಲ ಬಹುಮಾನ ನನಗೇ ಬಂತು, ಸ್ಟೀಲಿನ ಫ್ಲಾಸ್ಕು, ಚಪ್ಪಾಳೆ, ಹನ್ನೆರಡು ಗಂಟೆ ಬಿಸಿ ಆರುವುದಿಲ್ಲ ಎಂದು ಬರೆದ ಚೀಟಿ. ನಿಜವಾಗಿಯೂ ಆರುವುದಿಲ್ಲ. ಇವತ್ತೂ ಅದರಲ್ಲೇ ಇವಳಿಗೆ ಚಹಾ ಹಾಕಿಟ್ಟಿದ್ದೇನೆ, ಅದೋ ಇವಳ ಮೊಣಕೈ ಹತ್ತಿರ.

ಎರಡು ವರ್ಷದ ಹಿಂದೆ ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಂಡು ಇವಳ ಬೆರಳುಗಳು ಜೋಮು ಹಿಡಿದವು, ಬೆತ್ತ ಜಾರತೊಡಗಿತು, ಸರಿ, ಇನ್ಶೂರೆನ್ಸು ಇದೆಯಲ್ಲ ಎಂದು ಧೈರ್ಯವಾಗಿ ಹೋದಳಂತೆ, ನಿಮ್ಮ ಮಾಲೀಕರಿಂದ ಪತ್ರ ತನ್ನಿ ಅಂದರಂತೆ. ನನ್ನ ಮಾಲೀಕರು ಯಾರಕ್ಕಾ, ನಾನೇ ನಂಗೆ ರಜಾ ಚೀಟಿ ಬರ್ಕೋಬೇಕಾ, ನಾನೇ ನನ್ನ ಕೆಲಸದಿಂದ ತೆಗೆದು ನಾನೇ ನನ್ನ ಮುಂದೆ ನಿಂತು ಅಳಬೇಕಾ, ಎಂದು ಇದೇ ಮೇಜಿನ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ನಮ್ಮ ದೂರು, ತಕ್ಕದ್ದಲ್ಲದ ವಿಮೆಯನ್ನು ತಲೆಗೆ ಕಟ್ಟಿದ್ದೀರಿ, ಕಟ್ಟಿಸಿಕೊಂಡದ್ದನ್ನು ಹಿಂದಿರುಗಿಸಿ. ಅದು ಬಂದರೆ ಕೈಯ ಆಪರೇಷನ್ನು. ಬ್ಯಾಂಕಿನ ಉತ್ತರ, ನಿಮ್ಮ ದೂರು ಪರಿಶೀಲನೆಯಲ್ಲಿದೆ. ಆ ವಾಕ್ಯ ನನಗೆ ಹೊಸದೇನಲ್ಲ, ನಾನೇ ಎಷ್ಟು ಸಲ ಟೈಪು ಮಾಡಿಸಿದ್ದೇನೆ, ಪರಿಶೀಲನೆಯಲ್ಲಿದೆ ಎಂದರೆ ಟ್ರೇಯಲ್ಲಿದೆ, ಶೀಘ್ರ ಪರಿಶೀಲನೆಯಲ್ಲಿದೆ ಎಂದರೆ ಮೇಲಿನ ಟ್ರೇಯಲ್ಲಿದೆ. ಮೂರು ಸಲ ಅದೇ ನಕಲುಗಳನ್ನು ಕೇಳಿದರು, ಒಮ್ಮೆ ಯಾರೋ ದರ್ಜಿಯ ದೂರಿಗೆ ಬರೆದ ಉತ್ತರವನ್ನು ಇವಳಿಗೆ ಕಳಿಸಿದರು, ಒಮ್ಮೆ ಕಡತ ಬೇರೆ ಕಚೇರಿಗೆ ಹೋಗಿದೆ ಎಂದರು. ಒಂಬತ್ತು ತಿಂಗಳಾದ ಮೇಲೆ ಯಾರಿಗೋ ಹೊಳೆಯಿತು, ಮಾರಿದವರನ್ನೇ ಕೇಳೋಣ ಎಂದು. ಹಾಗೆ ನನ್ನ ಹೆಸರಿಗೆ ಬಂದದ್ದು ಆ ಲಕೋಟೆ. ನಾಲ್ಕನೇ ಪ್ರಶ್ನೆ, ಅರ್ಹತೆಯ ಷರತ್ತನ್ನು ಗ್ರಾಹಕರಿಗೆ ವಿವರಿಸಿದ್ದೀರಾ, ಹೌದು, ಇಲ್ಲ, ಎರಡು ಖಾಲಿ ಚೌಕ, ತಮ್ಮ ಉತ್ತರ ಬರುವವರೆಗೆ ದೂರಿನ ಇತ್ಯರ್ಥವನ್ನು ತಡೆಹಿಡಿಯಲಾಗಿದೆ, ಜೊತೆಗೆ ಹನ್ನೊಂದನೇ ಪುಟದ ನಕಲು. ಸಹಿ ಮುಗಿದ ಮೇಲೆ ಗುರುತುಗಳನ್ನೆಲ್ಲ ರಬ್ಬರಿನಿಂದ ಅಳಿಸುವುದು ನನ್ನ ಪದ್ಧತಿ, ಕಡತ ಚೊಕ್ಕಟವಾಗಿರಬೇಕು. ಆ ಪುಟದಲ್ಲಿ ಒಂದನ್ನು ಮರೆತಿದ್ದೇನೆ. ಅವಳ ಸೊಟ್ಟ ಸಹಿಯ ಪಕ್ಕದಲ್ಲಿ, ಬೂದುಬಣ್ಣದಲ್ಲಿ, ಸೊಳ್ಳೆ ಕೂತ ಹಾಗೆ, ಒಂದು ಕಾಲು ಉದ್ದ.

ತಡವಾದ ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಬ್ಯಾಂಕಿನವು, ಐದು ನನ್ನವು. ಬ್ಯಾಂಕನ್ನು ಬೈದು ಕಾಗದ ಬರೆಯುತ್ತೇನೆ, ವಿನಾಕಾರಣ ವಿಳಂಬ, ಅಮಾನವೀಯ ಎಂದೆಲ್ಲ, ಒಳ್ಳೆಯ ಕನ್ನಡ, ಬರೆದು ಇದೇ ಡ್ರಾಯರನ್ನು ಎಳೆದು ಅಂಚೆಚೀಟಿ ತೆಗೆದು ಅಂಟಿಸುತ್ತೇನೆ, ಲಕೋಟೆ ಅಲ್ಲೇ ಕಾಣುತ್ತದೆ. ತಂಗಿಗೆ ಗೊತ್ತು, ಅವಳಿಂದ ಏನು ಮುಚ್ಚಿಡಲಾಗುತ್ತದೆ, ಕಿವಿ ಮಂದ, ಕಣ್ಣು ನಾಲ್ಕು, ಉತ್ತರ ಬರಿಯೇ, ಇಲ್ಲ ಹರಿದು ಬಿಸಾಕು, ಎರಡೂ ಮಾಡದೆ ಡ್ರಾಯರಲ್ಲಿಟ್ಟು ಕಾವು ಕೊಡ್ತಾ ಕೂತಿದ್ದೀಯಲ್ಲ, ಮರಿ ಆಗುತ್ತಾ ಅದು? ಪಿಂಚಣಿಗೆ ಏನಾದರೂ ಆದರೆ ಎಂದೆ, ಇಬ್ಬರೂ ಅದರಲ್ಲೇ ಊಟ ಮಾಡುವವರು. ಪಿಂಚಣಿಗೆ ಏನಾಗಲ್ಲ, ನಿನ್ನ ಒಳ್ಳೇತನಕ್ಕೆ ಆಗುತ್ತೆ, ಎಂದು ಹೇಳಿ ಬಟ್ಟೆ ಮಡಿಸಲು ಹೋದಳು, ತಿರುಗಿಯೂ ನೋಡಲಿಲ್ಲ. ಹೌದು, ಅದೇ. ಪ್ರತಿ ಸಲ ಇವಳು ಬಂದಾಗ ದೀಪದ ಕಡೆಗೆ ನನ್ನ ಕುರ್ಚಿ ತಿರುಗಿಸುತ್ತಾಳಲ್ಲ, ಕಿತ್ತಳೆಯ ನಾರು ತೆಗೆಯುತ್ತಾಳಲ್ಲ, ಅಕ್ಕಾ ಎನ್ನುತ್ತಾಳಲ್ಲ — ಆ ಅಕ್ಕ ಹೋಗಿಬಿಟ್ಟರೆ. ಐದು ತಿಂಗಳು ನಾನು ಸಾಕಿದ್ದು ಅದನ್ನೇ, ಇವಳ ಕೈಯನ್ನು ಕೊಟ್ಟು.

ನಿಮ್ಮ ಫ್ಲಾಸ್ಕು ಮಾತ್ರ ಗಟ್ಟಿ ಅಕ್ಕಾ, ಎಲ್ಲಿ ತಗೊಂಡ್ರಿ, ಎನ್ನುತ್ತಾಳೆ, ಮುಚ್ಚಳ ತಿರುಗಿಸಿ ಲೋಟಕ್ಕೆ ಬಗ್ಗಿಸುತ್ತಾಳೆ, ನನ್ನ ಲೋಟಕ್ಕೆ ಮೊದಲು, ಯಾವಾಗಲೂ ನನ್ನ ಲೋಟಕ್ಕೆ ಮೊದಲು, ಬಲಗೈ ಲೋಟವನ್ನು ಆನಿಸಿ ಹಿಡಿದಿದೆ, ಚಹಾ ಅಂಚು ದಾಟಿತು, ಹೆಬ್ಬೆರಳ ಮೇಲೆ ಹರಿಯುತ್ತಿದೆ, ಹಬೆಯಾಡುವ ಚಹಾ, ಅವಳು ಸುರಿಯುತ್ತಲೇ ಇದ್ದಾಳೆ, ನನ್ನನ್ನು ನೋಡಿ ನಗುತ್ತಲೇ ಇದ್ದಾಳೆ — ಕೈ, ಕೈ ನೋಡೇ, ಎಂದು ಕಿರುಚುತ್ತೇನೆ. ನೋಡುತ್ತಾಳೆ. ಯಾರದೋ ಕೈ ನೋಡಿದ ಹಾಗೆ. ಅಯ್ಯೋ, ನಿಮ್ಮ ಮೇಜೆಲ್ಲ ಹಾಳಾಯ್ತು ಅಕ್ಕಾ. ಸೆರಗಿನಿಂದ ಮೇಜು ಒರೆಸುತ್ತಾಳೆ, ಕಾಗದಕ್ಕೆ ತಾಗಲಿಲ್ಲ ಸದ್ಯ, ಎನ್ನುತ್ತಾಳೆ, ಹೆಬ್ಬೆರಳು ಕೆಂಪಗೆ ಉಬ್ಬುತ್ತಿದೆ, ತಣ್ಣೀರಿನ ಪಾತ್ರೆ ತಂದು ಅದರಲ್ಲಿ ಅವಳ ಕೈ ಅದ್ದಿ ಹಿಡಿಯುತ್ತೇನೆ, ಉರಿಯುತ್ತಾ ಎಂದು ಕೇಳುತ್ತೇನೆ, ಇಲ್ಲಕ್ಕಾ, ಅದೇ ತಾನೇ ಕಷ್ಟ, ಉರೀತಿದ್ರೆ ಚೆನ್ನಾಗಿರ್ತಿತ್ತು, ಡಾಕ್ಟ್ರು ಹೇಳಿದ್ರು ಮೊನ್ನೆ, ಇನ್ನು ಮೂರು ತಿಂಗಳು ಬಿಟ್ರೆ ಆಪರೇಷನ್ ಮಾಡಿದ್ರೂ ನರ ಹಿಂದಕ್ಕೆ ಬರಲ್ವಂತೆ, ನಿಮಗೆ ಹೇಳ್ಬಾರದು ಅಂತಿದ್ದೆ, ಸುಮ್ನೆ ನೊಂದ್ಕೋತೀರಿ.

ಸುಮ್ಮನೆ ನೊಂದುಕೊಳ್ಳುತ್ತೇನೆ. ಪೆನ್ನು ಎತ್ತಿಕೊಳ್ಳುತ್ತೇನೆ. ವಿಷಯ, ಎರಡು ಚುಕ್ಕಿ, ತಮ್ಮ ಪತ್ರಕ್ಕೆ ಉತ್ತರ. ಈ ವಿಮೆಯನ್ನು ಮಾರಿದವಳು ನಾನು. ಇವರಿಗೆ ಇದು ಸಲ್ಲುವುದಿಲ್ಲ ಎಂಬುದನ್ನು ವಿವರಿಸಲಿಲ್ಲ. ಓದಲು ಬಿಡಲಿಲ್ಲ, ಗುರುತು ಹಾಕಿ ಸಹಿ ಮಾಡಿಸಿದೆ, ನಕಲಿನಲ್ಲಿ ಕಾಣುವ ಪೆನ್ಸಿಲ್ ಗುರುತು ನನ್ನದು. ಐದು ತಿಂಗಳ ತಡವೂ ನನ್ನದು. ನಾಲ್ಕೇ ಸಾಲು, ಇಷ್ಟು ಗಿಡ್ಡ ಕಾಗದವನ್ನು ನಾನು ಬರೆದೇ ಇಲ್ಲ, ಕೆಳಗೆ ಬಲಮೂಲೆಗೆ ಬಂದೆ, ಇಂಟು ಗುರುತು ಕಾಯುತ್ತಿದೆ, ಜೀವಮಾನದಲ್ಲಿ ಮೊದಲ ಸಲ ನನ್ನ ಗುರುತಿನ ಪಕ್ಕದಲ್ಲಿ ನನ್ನದೇ ಸಹಿ, ಡ್ರಾಯರು ಎಳೆದು ಲಕೋಟೆಯ ಫಾರಂ ತೆಗೆದೆ, ಇಲ್ಲ ಎಂಬ ಚೌಕ ತುಂಬಿದೆ, ಹಾಳೆಯನ್ನು ಅವಳ ಕಡೆಗೆ ತಿರುಗಿಸಿಟ್ಟೆ. ಅವಳು ಪಾತ್ರೆಯಿಂದ ಕೈ ತೆಗೆದು ಒರೆಸಿಕೊಂಡು, ಎಡಗೈಗೆ ಪೆನ್ನು ತೆಗೆದುಕೊಂಡು, ಎಂದಿನಂತೆ ನೇರ ಕೆಳಮೂಲೆಗೆ ಹೋಗುತ್ತಾಳೆ — ಅಕ್ಕಾ, ಇದು ನನ್ನ ಜಾಗ ಅಲ್ವಾ, ನೀವ್ಯಾಕೆ ಸಹಿ ಹಾಕಿದ್ದೀರಿ? ಓದು ಎನ್ನುತ್ತೇನೆ. ನೀವು ಬರೆದ ಮೇಲೆ ಓದೋದೇನಿದೆ ಅಕ್ಕಾ. ಓದು, ನಿನ್ನ ದಮ್ಮಯ್ಯ, ಮೊದಲಿಂದ ಓದು. ಅವಳು ಎಡಗೈ ತೋರುಬೆರಳನ್ನು ಸಾಲಿನ ಕೆಳಗಿಟ್ಟು ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದುತ್ತಾಳೆ, ತಮ್ಮ, ಪತ್ರಕ್ಕೆ, ಉತ್ತರ, ಈ ವಿಮೆಯನ್ನು, ಮಾರಿದವಳು — ಬೆರಳು ನಿಂತಿತು. ತಟ್ಟೆಯಲ್ಲಿ ನಾರು ತೆಗೆದ ಎರಡು ತೊಳೆ ಉಳಿದಿವೆ. ಅವಳ ಮುಖ ನೋಡಬೇಕು, ನೋಡುತ್ತೇನೆ, ಈಗ ನೋಡುತ್ತೇನೆ, ನನ್ನ ಕಣ್ಣು ಹಾಳೆ ಬಿಟ್ಟು ಏಳುತ್ತಿಲ್ಲ, ಕೆಳಗೆ ಬಲಮೂಲೆಯಲ್ಲಿ, ನನ್ನ ಹೆಸರಿನ ಪಕ್ಕ, ಅಳಿಸದೆ ಉಳಿದ ಇಂಟು, ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ