ಅಳಿಯನ ಮನೆಯ ಕುರ್ಚಿ

ಅಳಿಯನ ಮನೆಯ ಹೊಸ್ತಿಲು ದಾಟುತ್ತಲೇ ಕುಬಿಹಾಳದ ಕಸ್ತೂರೆವ್ವನ ಮೂಗಿಗೆ ಏನೋ ವಾಸನೆ ಬಡಿಯಿತು. ಅಳಿಯ ಮಡಿವಾಳೆಪ್ಪ ಅಣ್ಣಿಗೇರಿಯ ದಲಾಲಿ ಅಂಗಡಿಯೊಂದರಲ್ಲಿ ಕಾಳಿನ ಚೀಲ ತೂಗಿಸುವ ಗುಮಾಸ್ತ. ಮಗಳು ನೀಲಕ್ಕನ ಜೊತೆ ಬೇರೆ ಮನೆ ಹೂಡಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಅಷ್ಟರಲ್ಲೇ ಪಡಸಾಲೆಯಲ್ಲಿ ನವಾರಿನ ಮಂಚ, ಬೆತ್ತದ ಕುರ್ಚಿ, ಗೋಡೆಯ ಗೂಡಿನಲ್ಲಿ ರೇಡಿಯೊ! ಇವನ ಪಗಾರಕ್ಕೆ ಇದೆಲ್ಲ ಎಲ್ಲಿಂದ ಬಂತು?

"ಎಲ್ಲಾ ನೀವ ಕೊಂಡೀರೇನ?"

"ಹೂಂ, ಯವ್ವಾ," ಎಂದವಳೇ ನೀಲಕ್ಕ ಒಲೆಯ ಕಡೆ ತಿರುಗಿಬಿಟ್ಟಳು.

ಹಾಲಿನವಳ ಹಾಲಿಗೆ ಬೆರಳದ್ದಿ ನೋಡದೆ ಪಾತ್ರೆ ಒಳಗೊಯ್ಯುವ ಹೆಂಗಸಲ್ಲ ಕಸ್ತೂರೆವ್ವ. ಸಂಶಯವೆಂದರೆ ಆಕೆಗೆ ಎಲೆ ಅಡಿಕೆ ಇದ್ದ ಹಾಗೆ, ಒಮ್ಮೆ ಬಾಯಿಗೆ ಹಾಕಿಕೊಂಡರೆ ಅಗಿಯುತ್ತಲೇ ಇರಬೇಕು. ಕುರ್ಚಿಯ ಮೇಲೆ ಕೂತು ನಿಜವಾದ ಎಲೆಯನ್ನೂ ಮಡಿಚಿದಳು, ಬೆರಳಿಗಂಟಿದ ಸುಣ್ಣವನ್ನು ಕುರ್ಚಿಯ ಕೈಗೆ ಒರೆಸಿದಳು. ಅದೇ ಹೊತ್ತಿಗೆ ಒಳಗೆ ಬಂದ ಎದುರುಮನೆಯ ಮಾಸ್ತರರ ಹೆಂಡತಿ ದ್ವಾರಕಾಬಾಯಿ "ಅಯ್ಯ, ಏನ್ರಿ ಇದು!" ಎಂದು ತನ್ನ ಸೆರಗಿನಿಂದಲೇ ಆ ಸುಣ್ಣವನ್ನು ತಿಕ್ಕಿ ತಿಕ್ಕಿ ತೆಗೆದಳು. ಪರರ ಕುರ್ಚಿಗೆ ಈಕೆಯ ಹೊಟ್ಟೆ ಯಾಕೆ ಉರಿಯಬೇಕು?

ಸ್ವಲ್ಪ ಹೊತ್ತಿಗೆ ಹಿಟ್ಟಿನ ಗಿರಣಿಯ ತಿರಕಪ್ಪ ವಾರ್ತೆ ಕೇಳಲು ಬಂದ. ರೇಡಿಯೊ ಬರೀ ಗೊರಗೊರ ಅಂದಿತು. ತಿರಕಪ್ಪ ಎದ್ದು ಹೋಗಿ ಅದರ ಎಡಗಪಾಳಕ್ಕೆ ಒಂದು ಬಾರಿಸಿದ, ರೇಡಿಯೊ ಮಾತಾಡತೊಡಗಿತು. ಮನೆಯವರಿಗೂ ಗೊತ್ತಿರದ ಗುಟ್ಟು ಇವನಿಗೆ ಹೇಗೆ ಗೊತ್ತು? ಕಸ್ತೂರೆವ್ವನಿಗೆ ಎಲ್ಲ ಸ್ಪಷ್ಟವಾಯಿತು. ಅಳಿಯ ಚೀಲದಿಂದ ಕಾಳು ತೆಗೆಯುತ್ತಾನೆ, ಈ ಗಿರಣಿಯವನು ಮಾರಿಸುತ್ತಾನೆ. ಬಾಯಿ ಮುಚ್ಚಿಕೊಂಡಿರಲಿ ಅಂತ ಮಾಸ್ತರರ ಹೆಂಡತಿಗೂ ಏನೋ ಮುಟ್ಟಿರಬೇಕು.

ಇಬ್ಬರೂ ಹೋದಮೇಲೆ ಆಕೆ ಬಾಗಿಲು ಮುಂದೆ ಮಾಡಿದಳು.

"ಅರಿವಿ ಗಂಟ ಕಟ್ಟು. ಸಂಜಿ ಬಸ್ಸಿಗೆ ಕುಬಿಹಾಳಕ್ಕ ಹೋಗೂಣು."

"ಯಾಕಬೇ?"

"ನನ್ನ ಕೇಳ್ತಿ? ನಿನ್ನ ಗಂಡ ಕಾಳು ಕದ್ದು ಮನಿ ತುಂಬಸ್ಯಾನ. ನಾಳೆ ಪೊಲೀಸರು ಬಂದ್ರ ಊರಾಗ ಹೆಂಗ ಮಾರಿ ತೋರಸಲಿ? ಕಳ್ಳನ ಮನ್ಯಾಗ ನನ್ನ ಮಗಳನ್ನ ಬಿಡೂದಿಲ್ಲ."

ನೀಲಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಅವರಿಗೆ ಕಳ್ಳ ಅನಬ್ಯಾಡ. ಅಂಗಡ್ಯಾಗಿನ ಒಂದ ಕಾಳೂ ಅವರು ಮುಟ್ಟಿಲ್ಲ. ಕುರ್ಚಿ ದ್ವಾರಕಾಬಾಯಾರದು, ರೇಡಿಯೊ ತಿರಕಪ್ಪ ಕಾಕಾಂದು. ಮಂಚ ಬಾಜು ಮನಿ ರಜಿಯಾಬೀದು. ಪಾಪ, ಆಕಿ ನಿನ್ನೆ ನೆಲದ ಮ್ಯಾಲೆ ಮಲಗ್ಯಾಳ. ನೀ ಬರ್ತಿ ಅಂತ ಓಣಿ ತುಂಬ ತಿರಗಿ ಇಸಗೊಂಡು ಬಂದೇನಿ. ನಿನ್ನ ಅಳಿಯ ಬ್ಯಾಡ ಅಂದ್ರೂ ನಾ ಕೇಳಲಿಲ್ಲ."

"ಯಾಕ? ನನಗ ತೋರಸಾಕೇನ?"

"ಮದಿವ್ಯಾಗ ಹಂದರದ ಕೆಳಗ ಎಲ್ಲಾರ ಎದುರಿಗೆ ಏನಂದಿ? 'ಕುಂಡ್ರಾಕ ಒಂದ ಮಣಿ ಇಲ್ಲದವಗ ಮಗಳನ್ನ ಕೊಟ್ಟೆ' ಅಂದಿ. ಅವತ್ತ ಅವರು ಸರಿಯಾಗಿ ಉಣಲಿಲ್ಲ. ಬರೇ ಮನಿ ನೋಡಿದ್ರ ನನ್ನ ಕರಕೊಂಡು ಹೋಗ್ತಿ ಅಂತ ಅಂಜಿದೆ."

ಕಸ್ತೂರೆವ್ವ ಕುರ್ಚಿಯಿಂದ ಎದ್ದಳು. ಅಳಿಯ ಕಳ್ಳನಲ್ಲ ಎಂದು ಎದೆ ಹಗುರಾಯಿತು. ಹಡೆದ ಮಗಳು ತನಗೆ ಅಂಜಿ ಓಣಿಯ ಮಂದಿಗೆಲ್ಲ ಕೈಯೊಡ್ಡಿದಳಲ್ಲ ಎಂದು ಅದೇ ಎದೆಗೆ ಬೆಂಕಿಯೂ ಬಿತ್ತು. ಸುಳ್ಳು ಹಿಡಿಯಲು ಬಂದವಳು ಆ ಸುಳ್ಳಿನ ಬೇರು ತಾನೇ ಎಂದು ತಿಳಿದು ನಾಚಿದಳು.

"ಇದರಾಗ ನಿಮ್ಮದು ಯಾವುದು?"

ನೀಲಕ್ಕ ಕದದ ಹಿಂದಿನಿಂದ ಸುತ್ತಿಟ್ಟ ಚಾಪೆ ತಂದಳು. ಕಸ್ತೂರೆವ್ವ ಅದನ್ನು ತಾನೇ ಹಾಸಿ ಕೂತಳು.

ಊಟದ ಹೊತ್ತಿಗೆ ಬಂದ ಮಡಿವಾಳೆಪ್ಪ ನೆಲದ ಮೇಲೆ ಕೂತ ಅತ್ತೆಯನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಎಲ್ಲ ಬಯಲಾಯಿತು ಎಂದು ಅವನ ಮುಖವೇ ಹೇಳುತ್ತಿತ್ತು.

ಕಸ್ತೂರೆವ್ವ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು. "ಬರ್ರಿ, ಉಣ್ಣೂಣು. ಉಂಡ ಮ್ಯಾಲೆ ಮಂಚದ ಒಂದ ಕಡೆ ನೀವ ಹಿಡೀರಿ, ಒಂದ ಕಡೆ ನಾ ಹಿಡೀತೇನಿ. ರಜಿಯಾಬಿ ಇವತ್ತರ ತನ್ನ ಮಂಚದ ಮ್ಯಾಲೆ ಮಲಗಲಿ."